ದೇವರಾಜ ಮಾರ್ಕೆಟ್ ಕೆಡವಿ ಅನ್ನೋ ಮುಂಚೆ ಒಂದ್ಸಲ ಒಳಗೆ ಹೋಗ್ಬನ್ನಿ

"ಹಳೇ ಬಿಲ್ಡಿಂಗು, ಇವತ್ತಲ್ಲ ನಾಳೆ ಬೀಳತ್ತೆ, ಕೆಡವಿ ಹೊಸದು ಕಟ್ಲಿ ಬಿಡಿ" ಅಂತ ನಮ್ಮ ಮೈಸೂರೋರೇ ಹೇಳೋದು ಕೇಳಿದ್ರೆ ಹೊಟ್ಟೆಗೆ ಬೆಂಕಿ ಬಿದ್ದಂಗಾಗತ್ತೆ.

ಗೌರಿ ಹಬ್ಬದ ಹಿಂದಿನ ದಿನ ಅಜ್ಜಿ ನನ್ನ ಕೈ ಹಿಡ್ಕೊಂಡು ಚಿಕ್ಕ ಗಡಿಯಾರ ಅಂತ ಕರೆಯೋ ಗಡಿಯಾರ ಕಂಬದ ಕಡೆ ಬಾಗಿಲಿಂದ ಮಾರ್ಕೆಟ್ ಒಳಗೆ ಕರ್ಕೊಂಡು ಹೋಗೋರು. ಗೋಪುರದ ಥರ ಪೇರಿಸಿಟ್ಟ ಕುಂಕುಮ, ರಂಗೋಲಿ ಬಣ್ಣ, ಆಮೇಲೆ ಬಾಳೆಹಣ್ಣಿನ ಸಾಲು, ವೀಳ್ಯದೆಲೆ, ಕೊನೇಲಿ ಹೂವು. ಹೂವಿನಮ್ಮ ಮಲ್ಲಿಗೆ ಅಳೆಯುವಾಗ ಅಜ್ಜಿ ಕಣ್ಣೆಲ್ಲ ಆಯಮ್ಮನ ಮೊಣಕೈ ಮೇಲೇ, ಮೊಳ ಸರಿಯಾಗಿ ಹಾಕ್ತಾರೋ ಇಲ್ವೋ ಅಂತ. ಆಯಮ್ಮಂಗೂ ಅದು ಗೊತ್ತು, ಕೊನೇಲಿ ನಾಲ್ಕು ಬೆರಳು ಉದ್ದ ಬಿಟ್ಟು ಕತ್ತರಿಸಿ "ಕೊಸರು ಹಾಕಿವ್ನಿ ತಗಳಿ ಅಮ್ಮಾವ್ರೇ" ಅಂತ ಎಲೇಲಿ ಸುತ್ತಿ ಬಾಳೆನಾರಲ್ಲಿ ಕಟ್ಟಿ ಕೊಡೋರು.

ಮಾರ್ಕೆಟ್ಟಿಗಿರೋದು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಹೆಸರು. ಈಗಿರೋ ಕಟ್ಟಡ ಅವರಿಗಿಂತ ಬಹಳ ಆಮೇಲೆ ಕಟ್ಟಿದ್ದಾದ್ರೂ ಮೈಸೂರು ಒಡೆಯರ ಆಳ್ವಿಕೆ ಕಾಲದ್ದೇ, ಎದುರಿಗಿರೋ ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ ನೆನಪಿಗೆ ಕಟ್ಟಿದ್ದು, ಪಕ್ಕದ ಸಯ್ಯಾಜಿರಾವ್ ರೋಡಲ್ಲೇ ಜಂಬೂ ಸವಾರಿ ಹೋಗೋದು.

ಬಿದ್ದಿದ್ದು ಸುಳ್ಳಲ್ಲ. 2012ರ ಆಗಸ್ಟಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯ್ತು, 2016ರ ಆಗಸ್ಟಲ್ಲಿ ಮಾರ್ಕೆಟ್ಟಿನ ಧನ್ವಂತರಿ ರೋಡ್ ಕಡೆ ಭಾಗ ರಿಪೇರಿ ನಡೀತಿರುವಾಗ್ಲೇ ಬಿತ್ತು. ಎರಡೂ ಮಳೆಗಾಲದಲ್ಲೇ, ನೋಡಿ. ಜನರ ಪ್ರಾಣಕ್ಕಿಂತ ಗೋಡೆ ದೊಡ್ಡದು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಸುಣ್ಣದ ಗಾರೆ ಗೋಡೆಗೆ ವಯಸ್ಸಾಯ್ತು ಅಂತ ಬೀಳಲ್ಲ, ನೀರು ಇಳಿಯೋಕೆ ಬಿಟ್ರೆ ಬೀಳತ್ತೆ. ಸಂದಿಯಲ್ಲಿ ಅರಳಿ ಸಸಿ ಎದ್ದಾಗ ಕಿತ್ತು ಹಾಕಬೇಕು, ಮಳೆ ನೀರು ಹೋಗೋ ದೋಣಿ ಕಟ್ಕೊಂಡ್ರೆ ಬಿಡಿಸ್ಬೇಕು, ಇಷ್ಟೂ ಮಾಡದೆ ಮೇಲೆ ಸಿಮೆಂಟ್ ಮೆತ್ತಿಬಿಟ್ರೆ ಒಳಗಿನ ತೇವ ಆಚೆ ಬರೋಕಾಗದೆ ಗೋಡೆ ಒಳಗೊಳಗೇ ಪೊಳ್ಳಾಗತ್ತೆ. ವರ್ಷಗಟ್ಲೆ ನೋಡ್ಕೊಳ್ದೆ ಬಿಟ್ಟು ಕೊನೇಲಿ ಕಟ್ಟಡದ ಮೇಲೇ ತಪ್ಪು ಹೊರಿಸೋದು ಯಾವ ನ್ಯಾಯ?

ಕೆಡವಿ ಅದೇ ರೂಪದಲ್ಲೇ ಕಟ್ತೀವಿ ಅಂತಾರೆ ಆಡಳಿತದೋರು. ಕಮಾನು ಕಟ್ಬಹುದು, ಬಣ್ಣಾನೂ ಅದೇ ಬಳೀಬಹುದು. ಅಲ್ಲೀವರೆಗೂ ವ್ಯಾಪಾರ ಎಲ್ಲಿ? ಬಾಡಿಗೆ ಚೀಟಿ ಇರೋ ಅಂಗಡಿಯವರಿಗೆ ಬೇರೆ ಕಡೆ ಜಾಗ ಕೊಡ್ಬಹುದು ಅನ್ಕೊಳೋಣ. ಮಂಕರಿ ಇಟ್ಕೊಂಡು ನೆಲದ ಮೇಲೆ ಕೂತು ಹೂ ಕಟ್ಟೋ ಹೆಂಗಸ್ರು ಯಾವ ಪಟ್ಟಿಲಿದಾರೆ? ಪ್ಲ್ಯಾನ್ ಹಿಡ್ಕೊಂಡು ಬರೋರು ಮೊದಲು ಇದಕ್ಕೆ ಉತ್ತರ ಕೊಡ್ಲಿ.