ಟ್ಯಾಂಕರ್ ಬೆನ್ನಿನ ‘ಇನ್’

ಅಂಕೋಲೆಯಿಂದ ಯಲ್ಲಾಪುರಕ್ಕೆ ಹತ್ತುವಾಗ ಅರಬೈಲು ಘಟ್ಟದಲ್ಲಿ ಬಸ್ಸು ಟ್ಯಾಂಕರಿನ ಹಿಂದೆ ಸಿಕ್ಕಿತೆಂದರೆ ಮುಗಿಯಿತು. ಓವರ್‌ಟೇಕಿಗೆ ಜಾಗವಿಲ್ಲ. ಮುಂದಿನ ಸೀಟಿನವರಿಗೆ ಓದಲು ಸಿಗುವುದು ಟ್ಯಾಂಕರ್ ಬೆನ್ನ ಮೇಲಿನ ‘ಹೈಲಿ ಇನ್‌ಫ್ಲ್ಯಾಮಬಲ್’ ಒಂದೇ. ತಿರುವಿಗೊಮ್ಮೆ ಅದನ್ನೇ ಓದಿ ಓದಿ, ಕೊನೆಗೆ ನಾನು ಸುಮ್ನೆ ಬಿಡಿಸಲು ಶುರು ಮಾಡುತ್ತೇನೆ.

ಅರ್ಥ ನೋಡಿ ಬಿಡಿಸಿದರೆ ಮೂರು ತುಂಡು: ಮುಂದೆ ‘ಇನ್’, ನಡುವೆ ಜ್ವಾಲೆ, ಹಿಂದೆ ‘ಏಬಲ್’. ಬಾಯಿಗೆ ಬಿಟ್ಟರೆ ನಾಲ್ಕು. ಡಿಕ್ಷನರಿಯವರು ಬರಹದಲ್ಲಿ ಎರಡು ಮ್ ಇರುವುದನ್ನು ನೋಡಿ, ಅತ್ತ ಒಂದು, ಇತ್ತ ಒಂದು ಹಂಚಿ ‘ಇನ್-ಫ್ಲ್ಯಾಮ್-ಮ-ಬಲ್’ ಮಾಡುತ್ತಾರೆ. ಪಾಪ, ‘ಏಬಲ್’ ಆಸ್ತಿ ಪಾಲಾದ ಮನೆಯ ಹಾಗೆ ಎರಡಾಗುತ್ತದೆ. ನಮ್ಮ ‘ಅನಾದರ’ದ್ದೂ ಇದೇ ಕಥೆ. ಅರ್ಥದಲ್ಲಿ ಅನ್ ಮತ್ತು ಆದರ, ಬಾಯಲ್ಲಿ ಅ-ನಾ-ದ-ರ. ಪಕ್ಕದಲ್ಲಿ ‘ಆ’ ಕಂಡದ್ದೇ ‘ನ್’ ಅದರ ಜೊತೆ ಹೊರಟಿತು. ಬರೆಯುವಾಗಲಂತೂ ‘ನಾ’ ಒಂದೇ ಅಕ್ಷರ, ಕತ್ತರಿ ಹಾಕುವುದೆಲ್ಲಿ?

ಆದರೆ ಅಸಲಿ ತಕರಾರು ‘ಇನ್’ನದು. ಶಾಲೆಯಲ್ಲಿ ಕಲಿತ ಪ್ರಕಾರ ‘ಇನ್’ ಬಂದರೆ ‘ಅಲ್ಲ’. ಇನ್‌ಕರೆಕ್ಟ್, ಇನ್‌ವಿಸಿಬಲ್. ಮುಂದೆ ಪ ಬಂದರೆ ಅದು ಇಂಪಾಸಿಬಲ್ ಆಗುತ್ತದೆ, ಲ ಬಂದರೆ ಇಲ್ಲೀಗಲ್, ರ ಬಂದರೆ ಇರ್ರೆಗ್ಯುಲರ್. (ಸಂಧಿ ಮಾಡುವವರು ನಾವು ಮಾತ್ರ ಅಂದುಕೊಂಡಿದ್ದೆವು!) ಆ ಲೆಕ್ಕದಲ್ಲಿ ಟ್ಯಾಂಕರಿನಲ್ಲಿರುವುದು ಬೆಂಕಿ ಹತ್ತದ ಸರಕು, ಅಲ್ವಾ? ಹಾಗಂತ ಪಕ್ಕದಲ್ಲಿ ಬೀಡಿ ಹಚ್ಚೀರಿ, ಜೋಕೆ. ಲ್ಯಾಟಿನ್‌ನಲ್ಲಿ ‘ಇನ್’ ಎರಡಿವೆ. ಒಂದು ‘ಅಲ್ಲ’, ಇನ್ನೊಂದು ‘ಒಳಗೆ’. ಇಲ್ಲಿರುವುದು ಎರಡನೆಯದು, ‘ಇನ್‌ಫ್ಲಮ್ಮಾರೆ’ ಎಂದರೆ ಹೊತ್ತಿಸುವುದು. ನೋಡಲು ಅವಳಿ, ಗುಣದಲ್ಲಿ ಅಜಗಜಾಂತರ. ಜನ ಮೋಸಹೋದಾರು ಎಂಬ ಹೆದರಿಕೆಯಿಂದ ಅಮೆರಿಕದ ಅಗ್ನಿ ಸುರಕ್ಷತೆಯವರು 1920ರ ದಶಕದಲ್ಲಿ, ‘ಇನ್’ ಬಿಟ್ಟು ಬರೀ ‘ಫ್ಲ್ಯಾಮಬಲ್’ ಎಂದು ಬರೆಯಿರಿ ಎಂದರು. ತಲೆ ಹಾರಿಸಿದರೂ ಅರ್ಥ ಕೂದಲಷ್ಟೂ ಕೊಂಕಲಿಲ್ಲ. ಹತ್ತದ ಸರಕಿಗೆ ಈಗ ‘ನಾನ್’ ಹಚ್ಚುತ್ತಾರೆ. ನಮ್ಮ ಟ್ಯಾಂಕರುಗಳು ಮಾತ್ರ ಹಳೆಯದನ್ನೇ ಹೊತ್ತು ಓಡುತ್ತಿವೆ. ಪಕ್ಕದಲ್ಲಿ ಬೆಂಕಿಯ ಚಿತ್ರವೂ ಇರುತ್ತದೆ, ಪುಣ್ಯ.

ಕನ್ನಡದ ಸ್ವಂತ ‘ಇಲ್ಲ’ ಇರುವುದು ಬಾಲದಲ್ಲಿ. ಆಗದು, ಬಾರದು, ಸಾಲದು. ಶಿರಸಿಯ ಹವ್ಯಕರ ಮನೆಯಲ್ಲಿ ‘ಗೊತ್ತಿಲ್ಲೆ’. ಗೊತ್ತು ಎಂದು ಖುಷಿಪಡುವಷ್ಟರಲ್ಲಿ ‘ಇಲ್ಲೆ’ ಬಂದು ತಣ್ಣೀರು ಎರಚುತ್ತದೆ. ತಲೆಗೆ ಕೂರುವ ಅ, ಅನ್, ನಿರ್ ಎಲ್ಲ ಸಂಸ್ಕೃತದಿಂದ ತಂದವು.

ಇಂಗ್ಲಿಷಿನ ‘ಇನ್‌ವ್ಯಾಲ್ಯುಯಬಲ್’ ನೋಡಿ ನಗುವವರಿದ್ದಾರೆ. ಅಲ್ಲಿ ‘ಇನ್’ ನಿಜಕ್ಕೂ ‘ಅಲ್ಲ’ವೇ, ಆದರೂ ಅರ್ಥ ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ವೂ ಹಾಗೇ ತಾನೇ? ಅಡಿಕೆ ಸೊಸೈಟಿಯ ಸಭೆಯಲ್ಲಿ ‘ಸದಸ್ಯರು ತಮ್ಮ ಅಮೂಲ್ಯ ಸಲಹೆ ನೀಡಬೇಕು’ ಎಂದರೆ, ಸಲಹೆಗೆ ಬೆಲೆಯಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಸಲಹೆ ಶುರುವಾದ ಮೇಲಿನ ಮಾತು ಬೇರೆ.