ಲೈಟ್‌ಹೌಸಿಗೆ ಸೀರಿಯಲ್ ಸೆಟ್ಟು

ಕಾಪು ಲೈಟ್‌ಹೌಸಿಗೆ ಕಲರ್ ಕಲರ್ ಎಲ್‌ಇಡಿ ಹಾಕ್ಬೇಕಂತೆ, ಆಗ ಟೂರಿಸಂ ಡೆವಲಪ್ ಆಗ್ತದಂತೆ. ಮೊನ್ನೆ ಆದಿತ್ಯವಾರ ಚಾ ಕುಡಿತಾ ಒಬ್ರು ಹೇಳಿದ್ರು, ಸುತ್ತ ಇದ್ದವ್ರೆಲ್ಲ ತಲೆ ಆಡ್ಸಿದ್ರು, ನಾನೂ ಆಡ್ಸಿದೆ, ಬನ್ಸ್ ಬಿಸಿ ಇತ್ತು.

ಅಲ್ವಾ ಮತ್ತೆ? 1901ರಲ್ಲಿ ಬ್ರಿಟಿಷರು ಬಂಡೆ ಮೇಲೆ 27 ಮೀಟರ್ ಎತ್ತರ ಕಟ್ಟಿದ್ರು, ಒಂದು ಸೆಲ್ಫಿ ಪಾಯಿಂಟ್ ಇಟ್ಟಿಲ್ಲ ಮಾರಾಯ್ರೆ! ಕಪ್ಪು ಬಿಳಿ ಪಟ್ಟಿ ಮಾತ್ರ ರೀಲ್ಸಿಗೆ ಭಾರೀ ಲಾಯ್ಕ್. ಅದು ಹಗಲು ಬೋಟಿನವ್ರಿಗೆ ಗುರುತು ಸಿಗ್ಲಿಕ್ಕೆ ಬಳಿಯೋದು ಅಂತ ಹೇಳಿದ್ರೆ "ಹೌದಾ ಅಂಕಲ್" ಅಂತಾರೆ, ಕಣ್ಣು ಮೊಬೈಲಲ್ಲೇ. ರಾತ್ರಿಗೆ ಗುರುತು ಮಿನುಗುವ ಲೆಕ್ಕ, ಎಷ್ಟು ಮಿಂಚು ಎಷ್ಟು ಸೆಕೆಂಡ್ ಕತ್ತಲೆ ಅಂತ ಎಣಿಸಿದ್ರೆ ಇದು ಯಾವ ಲೈಟ್‌ಹೌಸ್ ಅಂತ ಗೊತ್ತಾಗ್ತದೆ. ಇನ್ನು ಕೆಂಪು ಹಸಿರು ನೇರಳೆ ಹಾಕಿದ್ರೆ ಬೋಟಿನವ ಎಣಿಸಿ ಎಣಿಸಿ ಮದುವೆ ಹಾಲ್ ಅಂತ ಊಟಕ್ಕೆ ಬಂದಾನು.

ಬಿಡಿ, ನಂಗೆ ಈ ಮಂಡೆಬಿಸಿಗಿಂತ ಲೈಟ್‌ಹೌಸ್ ದೀಪದ ಸುತ್ತ ಇರುವ ಗಾಜಿನ ಕಥೆ ಇಷ್ಟ. ಫ್ರೆನೆಲ್ ಅಂತ ಫ್ರಾನ್ಸಿನ ಇಂಜಿನಿಯರ್, 1820ರ ದಶಕದಲ್ಲಿ ದಪ್ಪ ಲೆನ್ಸ್ ಬೇಡ ಅಂತ ಗಾಜನ್ನು ಬಳೆ ಬಳೆ ಮಾಡಿ ಜೋಡಿಸಿದ, ಸುತ್ತ ಚೆಲ್ಲಿ ಹೋಗುವ ಬೆಳಕೆಲ್ಲ ಒಂದೇ ದಿಕ್ಕಿಗೆ. ಆಮೇಲೆ ದೊಡ್ಡ ಲೈಟ್‌ಹೌಸುಗಳಲ್ಲಿ ಟನ್‌ಗಟ್ಟಲೆ ತೂಕದ ಲೆನ್ಸನ್ನು ಪಾದರಸದಲ್ಲಿ ತೇಲಿಸಿದ್ರು, ಬೆರಳಲ್ಲಿ ದೂಡಿದ್ರೆ ತಿರುಗ್ತದೆ! ನಮ್ಮನೆ ಫ್ಯಾನಿಗೆ ಕೋಲಲ್ಲಿ ಕುಟ್ಬೇಕು.

ಈಗ ಜಿಪಿಎಸ್ ಇದೆ, ಇದೆಲ್ಲ ಎಂತಕ್ಕೆ ಅಂತ ಕೇಳುವವ್ರೂ ಇದ್ದಾರೆ. ಮಳೆಗಾಲದ ರಾತ್ರಿ ಬ್ಯಾಟರಿ ಸತ್ತ ದೋಣಿಯಲ್ಲಿ ಒಂದು ಸಲ ಕೂತು ಕೇಳ್ಲಿ.

ನಿಜ ಹೇಳ್ತೇನೆ, ಸಾಕಾಗಿದೆ. ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚು ಉಪ್ಪುಗಾಳಿ ತಿಂದ ಗೋಡೆ ಅದು, ಅದ್ರ ಮೇಲೆ ಕೀಲಿಕೈಯಲ್ಲಿ ಹೃದಯ ಕೆತ್ತಿ ಬಾಣ ಬಿಡ್ತೀರಿ. ನಿಮ್ಮ ಅಕ್ಷರ ಸಮುದ್ರದಿಂದ ಯಾರಿಗೂ ಕಾಣೋದಿಲ್ಲ.

ಚಾ ಕುಡ್ದು ಕೆಳಗೆ ಮರಳಿಗೆ ಬಂದ್ರೆ ಪ್ರೀ ವೆಡ್ಡಿಂಗ್ ಶೂಟ್. ಹುಡುಗಿಯ ಗೌನನ್ನು ಇಬ್ರು ಹಿಡ್ಕೊಂಡಿದ್ದಾರೆ, ಹುಡುಗನ ಶೂ ಒಳಗೆ ನೀರು. ಮುಸ್ಸಂಜೆ ಆಯ್ತು, ಮೇಲೆ ಲೈಟ್ ಹತ್ತಿ ಮಿನುಗ್ಲಿಕ್ಕೆ ಶುರು ಆಯ್ತು. ನಾನು ಕೊರಳಿಗೆ ಟವೆಲ್ ಹಾಕ್ಕೊಂಡದ್ದು ನೋಡಿ ಅಲ್ಲಿನ ಸ್ಟಾಫ್ ಅಂತ ಅಂದ್ಕೊಂಡ್ನೋ ಏನೋ, ಕ್ಯಾಮರಾದವ ಹತ್ರ ಬಂದು ಮೆಲ್ಲ ಕೇಳಿದ:

"ಅಂಕಲ್, ಅದನ್ನ ಒಂದು ಹತ್ತು ನಿಮಿಷ ಆಫ್ ಮಾಡ್ಲಿಕ್ಕೆ ಆಗ್ತದಾ? ವೀಡಿಯೋದಲ್ಲಿ ಫ್ಲಿಕರ್ ಬರ್ತಾ ಉಂಟು."