‘ಮಗ ಪುಢೇ?’ ಅಂದ್ರೆ ಏನು ಹೇಳೋದು?

ಜುಲೈ ತಿಂಗಳ ಭಾನುವಾರ. ಡೊಂಬಿವಲಿಯಲ್ಲಿ ಬೆಳಗಿನಿಂದ ಬಿಡದ ಮಳೆ. ಜೊತೆಗೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ಬಂದ್. ಎಲ್ಲಿಗೂ ಹೋಗುವ ಹಾಗಿಲ್ಲ. ಮಗಳಿಗೆ ‘ಫ್ರೀ ವಿಲ್ಲಿ’ ಹಾಕಿ ಕೊಟ್ಟೆ. 1993ರ ಸಿನಿಮಾ. ನಾನು ಚಿಕ್ಕವಯಸ್ಸಲ್ಲಿ ನೋಡಿ ಅತ್ತಿದ್ದೆ, ಅವಳೂ ಅಳಲಿ ಅಂತ ಒಂದು ಆಸೆ.

ಕಥೆ ನಿಮಗೆ ಗೊತ್ತಿರಬಹುದು. ಅಮ್ಮ ಬಿಟ್ಟು ಹೋದ ಹುಡುಗ ಜೆಸ್ಸಿ. ತೊಟ್ಟಿಯಲ್ಲಿ ಕೂಡಿ ಹಾಕಿದ ಓರ್ಕಾ (ಕಿಲ್ಲರ್ ವೇಲ್) ವಿಲ್ಲಿ. ಹುಡುಗ ಮೌತ್ ಆರ್ಗನ್ ನುಡಿಸುತ್ತಾನೆ, ಅದು ಹತ್ತಿರ ಬರುತ್ತದೆ. ಕೊನೆಗೆ ಕಲ್ಲಿನ ಕಟ್ಟೆ ಮೇಲೆ ಹುಡುಗ ಕೈ ಎತ್ತಿ ನಿಂತಿರುತ್ತಾನೆ, ವಿಲ್ಲಿ ಅವನ ತಲೆ ಮೇಲಿಂದ ಹಾರಿ ಸಮುದ್ರಕ್ಕೆ ಬೀಳುತ್ತದೆ. ಅದು ನಿಜವಾದ ಹಾರಾಟ ಅಲ್ಲ, ಸ್ಪೆಷಲ್ ಎಫೆಕ್ಟು. ಆದರೂ ಈಗಲೂ ಗಂಟಲು ಕಟ್ಟುತ್ತದೆ ಮಾರಾಯ್ರೆ.

ಊರಿಂದ ಬಂದಿದ್ದ ನನ್ನಮ್ಮನೂ ಕೂತು ನೋಡಿದರು. ಗಂಗೊಳ್ಳಿಯವರು, ಜೀವಮಾನವಿಡೀ ಮೀನು ತಿಂದವರು. ‘ಇಷ್ಟು ದೊಡ್ಡ ಮೀನನ್ನ ತೊಟ್ಟಿಯಲ್ಲಿ ಇಡ್ತಾರಾ, ಪಾಪ’ ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ಮೊಮ್ಮಗಳು ತಿದ್ದಿದಳು: ‘ಮೀನಲ್ಲ ಅಜ್ಜಿ, ಡಾಲ್ಫಿನ್ ಜಾತಿ.’ ಆಮೇಲೆ ನನ್ನ ಕಡೆ ತಿರುಗಿ, ‘ಮಗ ಪುಢೇ?’ ಅಂದಳು. ಆಮೇಲೇನಾಯ್ತು ಅಂತ. ಮುಂಬೈ ಮಕ್ಕಳಿಗೆ ಇಂಥ ಪ್ರಶ್ನೆ ಬರೋದು ಮರಾಠಿಯಲ್ಲೇ. ಅಮ್ಮ ‘ಯಾವ ಮಗ?’ ಅಂತ ಕೇಳಿದರು.

ಆಮೇಲಿನದು ನನಗೆ ಗೊತ್ತಿತ್ತು. ಹೇಳಲೋ ಬೇಡವೋ ಅಂತ ಒದ್ದಾಡಿ, ಹೇಳಿಬಿಟ್ಟೆ.

ವಿಲ್ಲಿ ಪಾತ್ರ ಮಾಡಿದ ಓರ್ಕಾದ ಹೆಸರು ಕೇಕೊ. 1979ರಲ್ಲಿ ಐಸ್‌ಲ್ಯಾಂಡ್ ಸಮುದ್ರದಲ್ಲಿ ಹಿಡಿದಾಗ ಇನ್ನೂ ಮರಿ. ಸಿನಿಮಾದಲ್ಲಿ ವಿಲ್ಲಿ ಸಮುದ್ರ ಸೇರಿದ, ಆದರೆ ಶೂಟಿಂಗ್ ಮುಗಿದ ಮೇಲೂ ಕೇಕೊ ಮೆಕ್ಸಿಕೊ ಸಿಟಿಯ ಪಾರ್ಕಿನ ತೊಟ್ಟಿಯಲ್ಲೇ ಉಳಿದ. ಚಿಕ್ಕ ತೊಟ್ಟಿ, ಬೆಚ್ಚಗಿನ ನೀರು, ಮೈಮೇಲೆಲ್ಲ ಗಂಟು. ಇದು ಹೊರಗೆ ಗೊತ್ತಾದಾಗ ಸಿನಿಮಾ ನೋಡಿದ್ದ ಮಕ್ಕಳೇ ಚಿಲ್ಲರೆ ಕೂಡಿಸಿ ಕಳಿಸಿದರು. 1996ರಲ್ಲಿ ವಿಮಾನದಲ್ಲಿ ಅಮೆರಿಕದ ಓರೆಗನ್‌ಗೆ. ಆಗ ಅವನ ತೂಕ ಸುಮಾರು 3,500 ಕೆ.ಜಿ. ಅಲ್ಲಿ ಚೇತರಿಸಿಕೊಂಡ. 1998ರಲ್ಲಿ ಐಸ್‌ಲ್ಯಾಂಡ್‌ಗೆ.

2002ರಲ್ಲಿ ನಿಜಕ್ಕೂ ಸಮುದ್ರಕ್ಕೆ ಇಳಿದ. ಸಾವಿರ ಕಿಲೋಮೀಟರಿಗೂ ಜಾಸ್ತಿ ಈಜಿದ. ಹೋಗಿದ್ದು ಎಲ್ಲಿಗೆ? ಓರ್ಕಾಗಳ ಹಿಂಡಿಗಲ್ಲ. ನಾರ್ವೆಯ ಒಂದು ಕೊಲ್ಲಿಯಲ್ಲಿ ಜನ ಇರುವ ಕಡೆಗೇ ಬಂದ. ಮಕ್ಕಳು ಜೊತೆಗೆ ಈಜಿದರು, ಬೆನ್ನ ಮೇಲೆ ಹತ್ತಿದರು. ಹತ್ತಿರ ಹೋಗಬೇಡಿ ಅಂತ ಅಧಿಕಾರಿಗಳೇ ಹೇಳಬೇಕಾಯಿತು. 2003ರ ಡಿಸೆಂಬರಿನಲ್ಲಿ ನ್ಯುಮೋನಿಯಾದಿಂದ ಸತ್ತ. ಅವನ ಸಮಾಧಿ ಮೇಲೆ ಅಲ್ಲಿಯ ಮಕ್ಕಳು ಕಲ್ಲು ತಂದು ಗುಡ್ಡೆ ಹಾಕಿದರು.

ಮಗಳು ಅಳಲಿಲ್ಲ. ‘ಅವನ ಅಮ್ಮ ಸಿಗಲೇ ಇಲ್ವಾ?’ ಅಂದಳು. ಇಲ್ಲ ಅಂದೆ.

ಅಷ್ಟು ಸಣ್ಣ ಮಗುವಿಗೆ ಇದನ್ನೆಲ್ಲ ಹೇಳೋದಾ ಅಂತ ಹೆಂಡತಿ ಬೈದಳು. ಅವಳ ಮಾತಲ್ಲೂ ನ್ಯಾಯ ಇದೆ. ಆದರೆ ನನಗೆ ಈ ಮಕ್ಕಳು-ಪ್ರಾಣಿ ಸಿನಿಮಾಗಳ ಮೇಲೆ ಇರುವ ತಕರಾರು ಇದೊಂದೇ. ಕಷ್ಟ ಶುರುವಾಗುವ ಜಾಗದಲ್ಲಿ ಸರಿಯಾಗಿ ಸಿನಿಮಾ ಮುಗಿದಿರುತ್ತದೆ. ಅಪ್ಪಿಕೊಳ್ಳೋದು ಇರುತ್ತದೆ, ಬೆಳಗ್ಗೆ ಎದ್ದು ಹೊಲಸು ಬಾಚುವ ಕೆಲಸ ಇರುವುದಿಲ್ಲ. ಕೇಕೊಗೆ ದಿನಾ ಬಕೆಟುಗಟ್ಟಲೆ ಮೀನು ಹಾಕಿದವರು, ಬೇಟೆ ಕಲಿಸಲು ವರ್ಷಗಟ್ಟಲೆ ಹೆಣಗಿದವರು ಯಾವ ಪೋಸ್ಟರಿನಲ್ಲೂ ಇಲ್ಲ. ಮನೆಯಲ್ಲಿ ಕುಳಿತು ಅತ್ತ ನಾವು ಮರುದಿನ ಪ್ರಾಣಿ ಮಾರುವ ಅಂಗಡಿಗೆ ಓಡುತ್ತೇವೆ. ಟಿವಿ ಜಾಹೀರಾತಿನಲ್ಲಿ ಪಗ್ ನಾಯಿ ಹುಡುಗನ ಹಿಂದೆ ಓಡಿದ್ದೇ ತಡ, ದೇಶದ ತುಂಬಾ ಪಗ್. ಆ ಚಪ್ಪಟೆ ಮೂಗಿಗೆ ನಮ್ಮ ಸೆಕೆಯಲ್ಲಿ ಉಸಿರಾಡೋದೇ ಕಷ್ಟ ಅಂತ ಜಾಹೀರಾತಿನಲ್ಲಿ ಯಾರು ಹೇಳ್ತಾರೆ?

ನಾನೇನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಹೀಗೇ ಒಂದು ಮೀನಿನ ಸಿನಿಮಾ ನೋಡಿ, ಕ್ರಾಫರ್ಡ್ ಮಾರ್ಕೆಟ್ ಕಡೆಯ ಅಂಗಡಿಯಿಂದ ಗೋಲ್ಡ್‌ಫಿಶ್ ತಂದಿದ್ದೆ. ಜೊತೆಗೆ ಒಂದು ಗಾಜಿನ ಬೌಲು. ‘ಇಷ್ಟು ಸಾಕು ಸಾಬ್’ ಅಂದ ಅಂಗಡಿಯವ. ಲೋಕಲ್‌ನಲ್ಲಿ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡು ತಂದೆ. ಆ ಮೀನಿಗೆ ದೊಡ್ಡ ಟ್ಯಾಂಕು, ಫಿಲ್ಟರ್ ಬೇಕು, ಇಲ್ಲದಿದ್ದರೆ ಅದರ ಹೊಲಸೇ ಅದಕ್ಕೆ ವಿಷ ಅಂತ ಆಮೇಲೆ ಗೊತ್ತಾಯಿತು. ಒಂಬತ್ತನೇ ದಿನ ತೇಲುತ್ತಿತ್ತು. ಈಗ ಆ ಬೌಲಿನಲ್ಲಿ ಬೆಳ್ಳುಳ್ಳಿ ಇದೆ.

ಮೊನ್ನೆ ಭಾನುವಾರ ಮುಂಬೈ ಮೃಗಾಲಯ ರಾಣಿಬಾಗ್‌ಗೆ ಹೋಗಿದ್ದೆವು. ಬೈಕುಲ್ಲಾದಲ್ಲಿ ಪೆಂಗ್ವಿನ್ ನೋಡುವ ಸಾಲು ನಿಮಗೆ ಗೊತ್ತೇ ಇದೆ. 2016ರಲ್ಲಿ ಸಿಯೋಲ್‌ನಿಂದ ಎಂಟು ತಂದಿದ್ದರು, ಹಂಬೋಲ್ಟ್ ಜಾತಿಯವು. ಆಮೇಲೆ ಇಲ್ಲೇ ಹುಟ್ಟಿದ ಮರಿಗಳೂ ಇವೆ. ಹೊರಗೆ ಬೆವರು, ಒಳಗೆ ಚಳಿ. ಒಂದು ಪೆಂಗ್ವಿನ್ ಗಾಜಿನ ಹತ್ತಿರ ಬಂತು. ಎಲ್ಲರೂ ಮೊಬೈಲ್ ಎತ್ತಿದರು. ಮಗಳು ಮಾತ್ರ ಗಾಜಿಗೆ ಮೂಗು ಒತ್ತಿ, ಅದನ್ನೇ ನೋಡುತ್ತಾ, ಪಕ್ಕದಲ್ಲಿ ನಿಂತಿದ್ದ ಗಾರ್ಡ್‌ಗೆ ಮರಾಠಿಯಲ್ಲಿ ಕೇಳಿದಳು: ‘ಇದರ ಅಮ್ಮ ಎಲ್ಲಿ?’

ಗಾರ್ಡ್ ಅವಳನ್ನು ನೋಡಿದ. ಹಿಂದಿನ ಸಾಲನ್ನು ನೋಡಿದ. ಮುಂದೆ ನಡೀರಿ ಅಂತ, ‘ಪುಢೇ ಚಲಾ, ಪುಢೇ ಚಲಾ’ ಅಂದ.